ಅಡ್ಡ ಕೊಯ್ತೀರೋ, ಉದ್ದ ಕೊಯ್ತೀರೋ?

ಸಿಸೇರಿಯನ್‌ಗೆ ಸಹಿ ಹಾಕಿಸಿಕೊಳ್ಳುವ ಹೊತ್ತಿಗೆ ಬಸುರಿಗಿಂತ ಮೊದಲು ಅವಳ ಅಮ್ಮನೋ ಅಜ್ಜಿಯೋ ಬಾಯಿ ತೆರೆಯುತ್ತಾರೆ. "ಡಾಕ್ಟ್ರಮ್ಮ, ಅಡ್ಡ ಕೊಯ್ತೀರೋ, ಉದ್ದ ಕೊಯ್ತೀರೋ?" ಕೇಳುತ್ತಲೇ ತಮ್ಮ ಸೀರೆಯ ಮೇಲೆ ಹೊಕ್ಕುಳಿಂದ ಕೆಳಕ್ಕೆ ಬೆರಳೆಳೆದು ತೋರಿಸುತ್ತಾರೆ. ತೀರ್ಥಹಳ್ಳಿ ಸೀಮೆಯಲ್ಲಿ ಹೆರಿಗೆ ಮಾಡಿಸುವ ನನಗೆ ಇದು ವಾರಕ್ಕೆರಡು ಸಲವಾದರೂ ಎದುರಾಗುವ ಪ್ರಶ್ನೆ. ಓಪಿಡಿಯ ಗಡಿಬಿಡಿಯಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಉದ್ದಕ್ಕೆ ಕೊಯ್ದ ಗಾಯ ಹೆಚ್ಚು ನೋಯುತ್ತದೆ, ಬಿರಿಯುವುದೂ ಹೆಚ್ಚು. ಕೆಲವರಿಗೆ ಅದೇ ಜಾಗದಲ್ಲಿ ಹರ್ನಿಯಾ ಆಗುತ್ತದೆ. ಆಮೇಲೆ ದರಗಿನ ಹೆಡಿಗೆ ಹೊರಲಾಗದೆ ಒದ್ದಾಡಿದ ಹೆಂಗಸರು ನಮ್ಮ ಊರುಗಳಲ್ಲಿ ಇದ್ದಾರೆ. ಈಗ ಹೊಟ್ಟೆಯ ಮೇಲೆ ನಾವು ಅಡ್ಡಕ್ಕೇ ಕೊಯ್ಯುವುದು. ಎಲ್ಲಿಂದ ರಕ್ತ ಬರುತ್ತಿದೆ ಎಂದು ಮೇಲಿನವರೆಗೂ ನೋಡಬೇಕಾದಾಗ, ಒಂದೊಂದು ನಿಮಿಷವೂ ಮುಖ್ಯವಾದಾಗ ಮಾತ್ರ ಉದ್ದಕ್ಕೆ ಹೋಗುವುದುಂಟು.

ಅಡ್ಡಕ್ಕೆ ಕೊಯ್ಯುವುದರಲ್ಲೂ ಎರಡು ಬಗೆ. ಜರ್ಮನಿಯ ಡಾಕ್ಟರ್ ಫಾನೆನ್‌ಸ್ಟೀಲ್ 1900ರಲ್ಲಿ ವಿವರಿಸಿದ್ದು, ಕಿಬ್ಬೊಟ್ಟೆಯ ಮಡಿಕೆಯ ಹತ್ತಿರ ನಸುನಗೆಯ ಹಾಗೆ ಬಾಗಿದ ಗೆರೆ. ಗಾಯ ಬಟ್ಟೆಯೊಳಗೆ ಮುಚ್ಚಿಹೋಗುತ್ತದೆ. 1970ರ ದಶಕದಲ್ಲಿ ಬಂದ ಜೋಯಲ್-ಕೋಹೆನ್ ಪದ್ಧತಿ ಮೂಲತಃ ಗರ್ಭಕೋಶ ತೆಗೆಯುವ ಆಪರೇಷನ್‌ಗೆಂದು ಹುಟ್ಟಿದ್ದು. ಇಲ್ಲಿ ಗೆರೆ ನೇರ, ಸ್ವಲ್ಪ ಮೇಲೆ. ಚರ್ಮ ಕೊಯ್ದ ಮೇಲೆ ಒಳಪದರಗಳಿಗೆ ನಡುವೆ ಮಾತ್ರ ಕತ್ತಿ ತಾಗಿಸಿ, ಉಳಿದದ್ದನ್ನು ಬೆರಳಿನಿಂದಲೇ ಬಿಡಿಸುತ್ತೇವೆ. ಅಡಿಕೆ ಹಾಳೆಯನ್ನು ನಾರಿನ ಗುಂಟ ಸೀಳಿದ ಹಾಗೆ. ಅದು ತನ್ನ ದಾರಿಯಲ್ಲಿ ತಾನೇ ಬಿಟ್ಟುಕೊಳ್ಳುತ್ತದೆ. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಈ ಪದ್ಧತಿಗೆ ರಕ್ತ, ಜ್ವರ, ನೋವು ಕಡಿಮೆ, ಸಮಯವೂ ಕಡಿಮೆ. ನಾನು ಹೆಚ್ಚಾಗಿ ಇದನ್ನೇ ಮಾಡುತ್ತೇನೆ. ಆದರೆ ಫಾನೆನ್‌ಸ್ಟೀಲ್ ಮಾಡುವ ಡಾಕ್ಟರು ತಪ್ಪು ಮಾಡುತ್ತಿದ್ದಾರೆಂದು ದಯವಿಟ್ಟು ತಿಳಿಯಬೇಡಿ. ಪಳಗಿದ ಕೈಯಲ್ಲಿ ಎರಡೂ ಚೆನ್ನಾಗಿಯೇ ಮಾಯುತ್ತವೆ.

ನಾನು ನಿಜವಾಗಿ ಹೇಳಬೇಕೆಂದಿರುವುದು ಇನ್ನೊಂದು ಕೊಯ್ತದ ವಿಷಯ. ಅದು ಕಣ್ಣಿಗೆ ಬೀಳುವುದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಹೊಟ್ಟೆ ತೆರೆದ ಮೇಲೆ ಗರ್ಭಕೋಶವನ್ನೂ ಕೊಯ್ಯಬೇಕಲ್ಲ? ಅದು ಅಡ್ಡವೋ ಉದ್ದವೋ? ಮುಂದಿನ ಬಸಿರಿನ ಹಣೆಬರಹ ಇರುವುದು ಅಲ್ಲಿ.

ಕೆಲವು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ಬಿದನೂರು ನಗರದ ಆಚೆಯಿಂದ ಒಬ್ಬಳು ಬಂದಳು. ಎರಡನೇ ಬಸಿರು, ಒಂಬತ್ತರಲ್ಲಿ. "ಮೊದಲಿಂದು ಅಡ್ಡ ಆಪರೇಷನ್ನೇ ಮೇಡಂ, ಇದು ನಾರ್ಮಲ್ ಆಗ್ತದಲ್ಲ?" ಹೊಟ್ಟೆಯ ಮೇಲೆ ತೆಳ್ಳಗೆ, ನೀಟಾದ ಅಡ್ಡಗೆರೆ. ಕಾಗದ ಕೇಳಿದರೆ, ಮಾಡು ಸೋರಿ ಫೈಲೆಲ್ಲ ಗೆದ್ದಲು ಹಿಡಿದಿತ್ತಂತೆ. ಮಾತಾಡಿಸುತ್ತಾ ಹೋದಾಗ, ಮೊದಲ ಮಗು ಏಳನೇ ತಿಂಗಳಲ್ಲೇ ಹುಟ್ಟಿದ್ದು, ಒಳಗೆ ಅಡ್ಡ ಮಲಗಿತ್ತು ಎಂದಳು. ನನ್ನ ಎದೆ ಧಸಕ್ಕೆಂದಿತು. ಅಷ್ಟು ಬೇಗ ಗರ್ಭಕೋಶದ ಕೆಳಭಾಗ ಸರಿಯಾಗಿ ಬೆಳೆದಿರುವುದಿಲ್ಲ. ಅಡ್ಡ ಮಲಗಿದ ಪುಟ್ಟ ಮಗುವನ್ನು ತೆಗೆಯಲು ಎಷ್ಟೋ ಸಲ ಮೇಲ್ಭಾಗದಲ್ಲಿ ಉದ್ದಕ್ಕೇ ಕೊಯ್ಯಬೇಕಾಗುತ್ತದೆ. ಹಿಂದಿನ ಆಸ್ಪತ್ರೆಗೆ ಫೋನ್ ಮಾಡಿದರೆ ಹಳೇ ರಿಜಿಸ್ಟರ್ ಸಿಗುತ್ತಿಲ್ಲ ಎಂದರು. ನೋವು ಶುರುವಾಗುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ತೆರೆದು ನೋಡಿದರೆ ಗರ್ಭಕೋಶದ ಮೇಲೆ ಉದ್ದದ ಕಲೆ. ನಡುವೆ ಎರಡು ಬೆರಳಗಲ ಈರುಳ್ಳಿ ಪದರದಷ್ಟು ತೆಳ್ಳಗಾಗಿ, ಆಚೆ ನೀರಿನ ಚೀಲ ಮಬ್ಬಾಗಿ ಕಾಣುತ್ತಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿ ಮನೆಗೆ ಹೋದರು. ಆ ಪದರ ಮನೆಯಲ್ಲಿ, ನೋವಿನ ನಡುವೆ ಬಿರಿದಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಸ್ಕಾಟ್ಲೆಂಡಿನ ಗ್ಲಾಸ್ಗೋದ ಡಾಕ್ಟರ್ ಮನ್ರೋ ಕೆರ್ 1920ರ ದಶಕದಲ್ಲಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ಯುವುದನ್ನು ಬಳಕೆಗೆ ತಂದರು. ಈಗ ಬಹುಪಾಲು ಸಿಸೇರಿಯನ್ ಹೀಗೇ. ಇಂಥವರು ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ 60ರಿಂದ 80 ಮಂದಿಗೆ ಅದು ಕೈಗೂಡುತ್ತದೆ. ಹೊಲಿಗೆ ಬಿರಿಯುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದವರಲ್ಲಿ ಅದು ನೂರಕ್ಕೆ 4ರಿಂದ 9. ಅವರಿಗೆ ನೋವು ಬರುವ ಮೊದಲೇ, 36–37ನೇ ವಾರದಲ್ಲಿ ಆಪರೇಷನ್ ಮಾಡಬೇಕು. ಘಟ್ಟದಂಚಿನ ಊರಿನವರು ಅದಕ್ಕೂ ಮುಂಚೆಯೇ ಶಿವಮೊಗ್ಗದಲ್ಲೋ ಸಾಗರದಲ್ಲೋ ನೆಂಟರ ಮನೆಗೆ ಬಂದಿರುವುದು ಒಳ್ಳೆಯದು. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಆಂಬ್ಯುಲೆನ್ಸೂ ಬರಲಾರದು.

ಹಾಗಾಗಿ ಅಮ್ಮಂದಿರೇ, ಅಜ್ಜಿಯರೇ, ಡಿಸ್ಚಾರ್ಜ್ ದಿನ ಒಂದೇ ಮಾತು ಕೇಳಿ: "ಒಳಗೆ ಗರ್ಭಕೋಶಕ್ಕೆ ಎಲ್ಲಿ, ಹೇಗೆ ಕೊಯ್ದಿದ್ದೀರಿ?" ಚೀಟಿಯಲ್ಲಿ 'ಎಲ್‌ಎಸ್‌ಸಿಎಸ್' ಎಂದಿದ್ದರೆ ಕೆಳಭಾಗದ ಕೊಯ್ತ. 'ಕ್ಲಾಸಿಕಲ್' (ಮೇಲ್ಭಾಗದ ಉದ್ದ ಕೊಯ್ತ) ಎಂದೋ 'ಟಿ' ಆಕಾರ (ಅಡ್ಡ ಕೊಯ್ತಕ್ಕೆ ಉದ್ದದ್ದೂ ಸೇರಿದ್ದು) ಎಂದೋ ಇದ್ದರೆ ಅದನ್ನು ತಾಯಿ ಕಾರ್ಡಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದು ಗಂಡನಿಗೂ ತವರಿಗೂ ಕಳಿಸಿ. ಮೂಲ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಜಮೀನಿನ ಪಹಣಿ ಇಡುವ ಟ್ರಂಕಿನಲ್ಲೇ ಇಡಿ.