ರಾತ್ರಿ ಮಗು ಅತ್ತರೆ ಏನು ಮಾಡುತ್ತೀರಿ ಎಂದು ಕೇಳಿ

ನಮ್ಮ ಮಂಗಳೂರಲ್ಲಿ ಹೆರಿಗೆಗೆ ಆಸ್ಪತ್ರೆ ಹುಡುಕುವವರು ಕೇಳುವ ಪ್ರಶ್ನೆಗಳು ಗೊತ್ತಲ್ಲ. ಡಾಕ್ಟರ್ ಯಾರು, ಪ್ಯಾಕೇಜ್ ಎಷ್ಟು, ಎಸಿ ರೂಮ್ ಉಂಟಾ, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಉಂಟಾ, ಜೋರು ಮಳೆಯಲ್ಲಿ ನೋವು ಶುರುವಾದರೆ ಪಂಪ್‌ವೆಲ್ ಸರ್ಕಲ್ ದಾಟಿ ಹೋಗಲಿಕ್ಕೆ ಎಷ್ಟು ಹೊತ್ತು ಬೇಕು. ಎಲ್ಲ ಕೇಳಬೇಕಾದ್ದೇ. ಆದರೆ ಎದೆಹಾಲಿನ ವಿಷಯ ಯಾರೂ ಎತ್ತುವುದಿಲ್ಲ. ಅದು ತನ್ನಷ್ಟಕ್ಕೇ ಆಗುತ್ತದೆ ಅಂತ ಎಲ್ಲರ ನಂಬಿಕೆ.

ತನ್ನಷ್ಟಕ್ಕೇ ಆಗುವುದಿಲ್ಲ. ನನ್ನ ಮೊದಲ ಹೆರಿಗೆ ಸಿಸೇರಿಯನ್. ಮಗುವನ್ನು ಒಂದು ಸಲ ತೋರಿಸಿ ನರ್ಸರಿಗೆ ಕೊಂಡುಹೋದರು. ನನ್ನ ಕೈಗೆ ಬರುವಷ್ಟರಲ್ಲಿ ಮಗು ಡಬ್ಬಿ ಹಾಲು (ಫಾರ್ಮುಲಾ ಪುಡಿಯ ಹಾಲು) ಕುಡಿದು ಗಾಢ ನಿದ್ದೆಯಲ್ಲಿತ್ತು. ನಮ್ಮನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆಮೇಲೆ ಮಗುವಿಗೆ ಮೊಲೆ ಹಿಡಿಯುವುದು ಕಲಿಸಲು ಪಟ್ಟ ಪಾಡು, ತೊಟ್ಟು ಒಡೆದು ರಕ್ತ ಬಂದದ್ದು, ಬಂದವರೆಲ್ಲ "ಹಾಲು ಸಾಲುವುದಿಲ್ಲವಾ" ಎಂದು ಕೇಳಿದ್ದು, ಇದ್ಯಾವುದೂ ನನ್ನ ತಂಗಿಗೆ ಬೇಡ. ಅವಳಿಗೆ ಈಗ ತಿಂಗಳು ತುಂಬುತ್ತಾ ಬಂದಿದೆ. ಅದಕ್ಕೇ ಈ ಸಲ ನಾವಿಬ್ಬರೂ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಕೇಳಿದೆವು.

ಕೇಳಿದ್ದರಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದೇ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ನೀವು ಏನು ಮಾಡುತ್ತೀರಿ? ಇದನ್ನು ರಿಸೆಪ್ಶನ್‌ನಲ್ಲಿ ಕೇಳಬೇಡಿ. ಹೆರಿಗೆ ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ. "ನೀವು ಆರಾಮ ಮಲಗಿ, ಮಗುವನ್ನು ನಾವು ನೋಡಿಕೊಳ್ಳುತ್ತೇವೆ" ಎಂದರೆ ಕೇಳಲಿಕ್ಕೆ ಹಿತವಾಗಿಯೇ ಇರುತ್ತದೆ, ಆದರೆ ಏನು ಕುಡಿಸುತ್ತೀರಿ ಅಂತ ಮುಂದಿನ ಪ್ರಶ್ನೆ ಹಾಕಿ ನೋಡಿ. "ಮಗು ನಿಮ್ಮ ಪಕ್ಕದಲ್ಲೇ ಇರುತ್ತದೆ, ಬೆಲ್ ಒತ್ತಿ, ಕುಡಿಸಲಿಕ್ಕೆ ನಾವು ಬಂದು ಸಹಾಯ ಮಾಡುತ್ತೇವೆ" ಎಂದರೆ ಅಲ್ಲಿ ಕೂತು ಉಳಿದದ್ದೂ ಕೇಳಬಹುದು.

ರಾತ್ರಿಯೇ ಯಾಕೆ ಅಂದರೆ, ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತಿನಲ್ಲಿ ಹೆಚ್ಚಿರುತ್ತದೆ. ಮಗು ಎಷ್ಟು ಕುಡಿಯುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ಡಬ್ಬಿ ಹಾಲು ಕುಡಿದ ಮಗು ಹೆಚ್ಚು ಹೊತ್ತು ಮಲಗುತ್ತದೆ, ಎದೆ ಖಾಲಿಯಾಗುವುದಿಲ್ಲ, ಹಾಲು ಕಡಿಮೆಯಾಗುತ್ತದೆ, ಮತ್ತೆ ಡಬ್ಬಿ ಬೇಕಾಗುತ್ತದೆ. ಅಲ್ಲಿಗೆ ತಾಯಿಗೆ ಹಾಲೇ ಇಲ್ಲ ಅಂತ ಹೇಳಿಬಿಡುತ್ತಾರೆ! ನನಗೆ ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲ ದಿನ ಒಂದು ಸಲಕ್ಕೆ ಸುಮಾರು 2ರಿಂದ 10 ಮಿಲಿ ಹಾಲು ಮಗುವಿಗೆ ಸಾಕು. ಹಳದಿ ಬಣ್ಣದ ಆ ಮೊದಲ ಹಾಲು ಹನಿ ಹನಿ ಬರುವುದೇ ಸಹಜ. ಮೊದಲ ಕೆಲವು ದಿನ ಮಗುವಿನ ತೂಕ ಸ್ವಲ್ಪ ಇಳಿಯುವುದೂ ಸಹಜವೇ.

ಇನ್ನೊಂದು, ಹುಟ್ಟಿದ ಮೊದಲ ಗಂಟೆ. ಡಬ್ಲ್ಯುಎಚ್‌ಒ ಹೇಳುವುದು, ಒಂದು ಗಂಟೆಯ ಒಳಗೆ ಎದೆಹಾಲು ಶುರುವಾಗಬೇಕು, ಆರು ತಿಂಗಳು ಬರೀ ಎದೆಹಾಲು, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಮತ್ತು ಅದರ ಮೇಲೂ. ಸಿಸೇರಿಯನ್ ಆದರೆ ಇದೆಲ್ಲ ಆಗುವುದಿಲ್ಲ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಸಿಸೇರಿಯನ್‌ನಲ್ಲಿ ತಾಯಿಗೆ ಎಚ್ಚರ ಇರುತ್ತದೆ, ಇಬ್ಬರೂ ಚೆನ್ನಾಗಿದ್ದರೆ ಮಗುವನ್ನು ಬಟ್ಟೆ ಸುತ್ತದೆ ಅಲ್ಲೇ ಎದೆಯ ಮೇಲೆ ಮಲಗಿಸಬಹುದು. ನೀವು ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಒಂದು ಕಡೆ ಸಿಸ್ಟರ್ "ಮಾಡುತ್ತೇವಲ್ಲ" ಎಂದು ಹೇಗೆ ಹಿಡಿಯುವುದು ಅಂತ ಕೈಯಲ್ಲೇ ತೋರಿಸಿದರು. ಇನ್ನೊಂದು ಕಡೆ ಡಾಕ್ಟರನ್ನು ಕೇಳಿ ಅಂದರು, ಡಾಕ್ಟರ್ ಮಕ್ಕಳ ಡಾಕ್ಟರನ್ನು ಕೇಳಿ ಅಂದರು.

ಡಬ್ಬಿ ಹಾಲು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ, ರಕ್ತದಲ್ಲಿ ಸಕ್ಕರೆ ಇಳಿದ ಮಗುವಿಗೆ ಕೆಲವು ಸಲ ಬೇಕೇ ಬೇಕು. ಅಂಥ ಮಕ್ಕಳಿಗೆ ಬೇರೆ ತಾಯಂದಿರು ಕೊಟ್ಟ ಹಾಲೂ ಸಿಗುವಂತಿದ್ದರೆ ಒಳ್ಳೆಯದು. ನಮ್ಮ ಲೇಡಿಗೋಷನ್ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕ್ ಉಂಟು, ಸರ್ಕಾರಿ ಆಸ್ಪತ್ರೆ ಎಂದು ಮೂಗು ಮುರಿಯುವವರು ಇದನ್ನು ತಿಳಿದಿರಲಿ. ನಾನು ಹೇಳುವುದು ಇಷ್ಟೇ, ಕಾರಣ ಹೇಳಿ, ತಾಯಿಯನ್ನು ಕೇಳಿ ಕೊಡಿ. ಬಾಟಲಿ ಬೇಡ, ಅಜ್ಜಿಯಂದಿರ ಒಳಲೆ, ಮೂತಿ ಇರುವ ಪುಟ್ಟ ಬಟ್ಟಲು ಉಂಟಲ್ಲ, ಅದರಲ್ಲೇ ಕುಡಿಸಬಹುದು.

ಆಸ್ಪತ್ರೆಗೆ ಹೋದಾಗ ಗೋಡೆಯನ್ನೂ ನೋಡಿ. 1992ರ ಕಾಯ್ದೆಯ ಪ್ರಕಾರ ಡಬ್ಬಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಸ್ಯಾಂಪಲ್ ಹಂಚುವಂತಿಲ್ಲ, ಆಸ್ಪತ್ರೆಯಲ್ಲಿ ಅದರ ಪೋಸ್ಟರ್ ಹಾಕುವಂತಿಲ್ಲ. 2003ರಲ್ಲಿ ಈ ಕಾಯ್ದೆ ಇನ್ನೂ ಬಿಗಿಯಾಯಿತು. ಕಂಪನಿ ಹೆಸರಿನ ಕ್ಯಾಲೆಂಡರ್ ನೇತಾಡುತ್ತಿದ್ದರೆ ನಾನಂತೂ ಅಲ್ಲಿಂದ ಎದ್ದು ಬರುತ್ತೇನೆ.

ಮನೆಯವರನ್ನೂ ಮೊದಲೇ ತಯಾರು ಮಾಡಬೇಕು. ಅಮ್ಮನಿಗೆ ಮಗುವಿನ ನಾಲಿಗೆಗೆ ಜೇನು ಮುಟ್ಟಿಸಲೇಬೇಕು ಅಂತ ಆಸೆ. ವರ್ಷ ತುಂಬುವ ತನಕ ಜೇನು ಬೇಡ, ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು ಎಂದು ಡಾಕ್ಟರ್ ಬಾಯಿಂದಲೇ ಹೇಳಿಸಿದೆವು. ಈಗ ಅಮ್ಮ ಮೆಂತೆ ಗಂಜಿ, ಬಾಣಂತಿ ಮದ್ದಿನ ಕಡೆ ಗಮನ ಕೊಟ್ಟಿದ್ದಾರೆ.

ಕೊನೆಗೆ ತಂಗಿ ಒಪ್ಪಿದ ಆಸ್ಪತ್ರೆಯ ರೂಮು ಚಿಕ್ಕದು, ಜೊತೆಗಿರುವವರಿಗೆ ಒಂದು ಬೆಂಚು ಅಷ್ಟೇ. ತಂಗಿಯ ಗಂಡನಿಗೆ ಸ್ವಲ್ಪ ಬೇಸರ. ಆದರೆ ಮಗು ತಾಯಿಯ ಹತ್ತಿರವೇ ಇರುತ್ತದೆ, ಡಿಸ್ಚಾರ್ಜ್ ಆದ ಮೇಲೆ ಎದೆ ಗಟ್ಟಿಯಾಗಿ ನೋವು ಬಂದರೆ ಫೋನ್ ಮಾಡಲಿಕ್ಕೆ ವಾರ್ಡಿನ ನಂಬರ್ ಕೊಡುತ್ತಾರೆ. "ನಮ್ಮನ್ನು ಕೇಳದೆ ಮಗುವಿಗೆ ಏನೂ ಕುಡಿಸಬೇಡಿ" ಎಂದು ಫೈಲಿನಲ್ಲಿ ಈಗಲೇ ಬರೆಸಿ ಬಂದಿದ್ದೇವೆ.