ಹುಸೇನಿವಾಲಾಗೆ ಹೋದರೆ ಪೆರೇಡ್ ಒಂದೇ ನೋಡಿ ಬರಬೇಡಿ

ನಮ್ಮ ದಾವಣಗೆರೆ ಕಡೆಯಿಂದ ಪಂಜಾಬಿಗೆ ಹೋದವರೆಲ್ಲ ಸ್ವರ್ಣಮಂದಿರ, ಪಾಕಿಸ್ತಾನ ಗಡಿಯ ಅಟಾರಿ ಗೇಟ್ ನೋಡಿಕೊಂಡು ವಾಪಸ್ ಬರುತ್ತಾರೆ. ನಾವು ಈ ಸಲ ಫಿರೋಜ್‌ಪುರದ ಹತ್ತಿರ ಇರುವ ಹುಸೇನಿವಾಲಾಗೆ ಹೋಗಿದ್ದೆವು. ಸಟ್ಲೆಜ್ ಹೊಳೆಗೆ ಕಟ್ಟಿದ್ದ, 1971ರ ಯುದ್ಧದಲ್ಲಿ ಮುರಿದುಹೋದ ಹಳೇ ರೈಲ್ವೆ ಸೇತುವೆ ಅಲ್ಲಿದೆ. ಪಾಕಿಸ್ತಾನದ ಗಡಿ ಅಲ್ಲಿಂದ ಹೆಚ್ಚು ಕಮ್ಮಿ ಒಂದು ಕಿಲೋಮೀಟರ್ ಅಷ್ಟೇ. ಸಂಜೆ ಎರಡೂ ದೇಶದ ಜವಾನರು ಬಾವುಟ ಇಳಿಸುವ ಪೆರೇಡ್ ನಡೆಯುವುದು ಆ ಗಡಿಯಲ್ಲೇ.

ಹೋಗೋದು ಕಷ್ಟವಲ್ಲ, ದೂರ ಅಷ್ಟೇ. ಯಶವಂತಪುರ–ಚಂಡೀಗಢ ಸಂಪರ್ಕ ಕ್ರಾಂತಿ ದಾವಣಗೆರೆ ಮೇಲೇ ಹೋಗುತ್ತದೆ. ದಿನಾ ಇಲ್ಲ, ಹಾಗಾಗಿ ಟಿಕೆಟ್ ಬೇಗ ಮಾಡಿಸಿ. ದೆಹಲಿಯಲ್ಲಿ ಇಳಿದು ಪಂಜಾಬ್ ಮೇಲ್ ಹತ್ತಿದರೆ ಫಿರೋಜ್‌ಪುರಕ್ಕೇ ಬಿಡುತ್ತದೆ, 1912ರಿಂದ ಓಡುತ್ತಿರುವ ಗಾಡಿ ಅದು. ಡಿಸೆಂಬರ್, ಜನವರಿಯಲ್ಲಿ ಆ ಕಡೆ ಮಂಜು ಬಿದ್ದು ರೈಲು ಗಂಟೆಗಟ್ಟಲೆ ತಡ ಆಗುತ್ತವೆ, ಒಂದು ಇಳಿದು ಇನ್ನೊಂದು ಹಿಡಿಯುವ ಲೆಕ್ಕ ಬಿಗಿಯಾಗಿ ಹಾಕಬೇಡಿ. ಮೇ ತಿಂಗಳಂತೂ ಬೇಡವೇ ಬೇಡ, ನಮ್ಮೂರ ಬಿಸಿಲು ಎಷ್ಟೋ ವಾಸಿ ಅನಿಸುತ್ತದೆ. ಅಮೃತಸರದಿಂದ ಬರುವುದಾದರೆ ಬಸ್ ಇದೆ, ಸುಮಾರು 120 ಕಿ.ಮೀ.

ಫಿರೋಜ್‌ಪುರದಿಂದ ಹತ್ತು ಹನ್ನೊಂದು ಕಿಲೋಮೀಟರ್. ಆಟೋದವರ ಹತ್ತಿರ ಹೋಗಿ ಬರೋದಕ್ಕೆ ಸೇರಿಸಿಯೇ ಮಾತಾಡಿ, ಪೆರೇಡ್ ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ಹೊರಡುತ್ತಾರಲ್ವಾ, ಆಗ ಗಾಡಿ ಹುಡುಕುತ್ತಾ ನಿಲ್ಲಬೇಕಾಗುತ್ತದೆ.

ಮುಖ್ಯವಾದ ಮಾತು ಇದು: ಮಧ್ಯಾಹ್ನವೇ ಹೋಗಿ. ಜಾಸ್ತಿ ಜನ ಪೆರೇಡ್ ಹೊತ್ತಿಗೆ ಬಂದು, ಕೂಗಿ, ಕತ್ತಲಾಗುತ್ತಿದ್ದ ಹಾಗೆ ಹೊರಟುಬಿಡುತ್ತಾರೆ, ಸೇತುವೆ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಕಾಲದಲ್ಲಿ ಫಿರೋಜ್‌ಪುರದಿಂದ ಕಸೂರ್ ಮೇಲೆ ಲಾಹೋರಿಗೆ ಹೋಗುತ್ತಿದ್ದ ರೈಲುದಾರಿ ಇದು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ಸೇನೆ ಇಲ್ಲಿ ದಾಳಿ ಮಾಡಿತು. ಹೊಳೆಯ ಆಚೆ ದಡದಲ್ಲಿ ನಮ್ಮ ಪಂಜಾಬ್ ರೆಜಿಮೆಂಟಿನವರು ಇದ್ದರು. ಶತ್ರು ಹೊಳೆ ದಾಟಿ ಫಿರೋಜ್‌ಪುರಕ್ಕೆ ನುಗ್ಗಬಾರದು ಅಂತ ಸೇತುವೆಯನ್ನು ನಮ್ಮವರೇ ಸ್ಫೋಟಿಸಿದರು. ಈಗ ಉಳಿದಿರುವುದು ನೀರಿನಲ್ಲಿ ನಿಂತ ಕಂಬಗಳು, ಕೋಟೆ ಬಾಗಿಲಿನಂಥ ಇಟ್ಟಿಗೆ ಗೋಪುರ. ಹತ್ತಿರ ಹೋಗಿ ನೋಡಿದರೆ ಗುಂಡು ಬಿದ್ದಲ್ಲೆಲ್ಲ ಇಟ್ಟಿಗೆ ಕಿತ್ತು ಗುಳಿ ಬಿದ್ದಿದೆ, ಕೆಲವು ಗುಳಿಯಲ್ಲಿ ಬೆರಳು ಇಡಬಹುದು. ಚಿತ್ರದುರ್ಗದ ಕೋಟೆ ನೋಡಿ ಬೆಳೆದವನು ನಾನು, ಆದರೆ ಅಪ್ಪನ ಕಾಲದ ಯುದ್ಧದ ಗಾಯ ಹೀಗೆ ಗೋಡೆ ಮೇಲೆ ಕಂಡಿದ್ದು ಇದೇ ಮೊದಲು. ಇಲ್ಲಿನ ರಸ್ತೆಗೆ 280 ಅಡಿಯ ಹೊಸ ಸೇತುವೆ ಬಂದಿದ್ದು 2018ರಲ್ಲಿ. ಉದ್ಘಾಟನೆ ಮಾಡಿದವರು ಆಗ ರಕ್ಷಣಾ ಮಂತ್ರಿಯಾಗಿದ್ದ, ಕರ್ನಾಟಕದಿಂದ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್.

ಫೋಟೋ ತೆಗೆಯುವ ಮುಂಚೆ ಗಡಿ ಕಾಯುವ ಬಿಎಸ್‌ಎಫ್ ಜವಾನರನ್ನು ಕೇಳಿ. ಬೇಡ ಅಂದರೆ ವಾದ ಮಾಡಬೇಡಿ. ಆಧಾರ್ ಜೇಬಿನಲ್ಲೇ ಇರಲಿ.

ಪಕ್ಕದಲ್ಲೇ ಭಗತ್ ಸಿಂಗ್, ರಾಜಗುರು, ಸುಖದೇವ್ ಸ್ಮಾರಕ. 1931ರ ಮಾರ್ಚ್ 23ರಂದು ಲಾಹೋರಿನಲ್ಲಿ ಗಲ್ಲಿಗೇರಿಸಿ, ಬ್ರಿಟಿಷರು ಕದ್ದುಮುಚ್ಚಿ ಸುಟ್ಟಿದ್ದು ಈ ಹೊಳೆ ದಂಡೆಯಲ್ಲಿ. ದೇಶ ಹೋಳಾದಾಗ ಈ ಜಾಗ ಪಾಕಿಸ್ತಾನಕ್ಕೆ ಹೋಗಿತ್ತು. 1961ರಲ್ಲಿ 12 ಹಳ್ಳಿ ಕೊಟ್ಟು ವಾಪಸ್ ತೆಗೆದುಕೊಂಡೆವು. ಭಗತ್ ಸಿಂಗ್ ಜೊತೆ ದೆಹಲಿ ಅಸೆಂಬ್ಲಿಯಲ್ಲಿ ಬಾಂಬ್ ಎಸೆದಿದ್ದ ಬಟುಕೇಶ್ವರ ದತ್ತರ ಅಂತ್ಯಕ್ರಿಯೆಯೂ 1965ರಲ್ಲಿ ಇಲ್ಲೇ ಆಯಿತು. ಮಾರ್ಚ್ 23ಕ್ಕೆ ಇಲ್ಲಿಗೆ ವಿಶೇಷ ರೈಲು ಬಿಡುತ್ತಾರೆ, ಜನಜಾತ್ರೆ. ಸೇತುವೆ ಸಮಾಧಾನವಾಗಿ ನೋಡಬೇಕು ಅನ್ನುವವರು ಆ ದಿನ ಬಿಟ್ಟು ಹೋಗಿ.

ಪೆರೇಡ್ ಅಟಾರಿಗಿಂತ ಚಿಕ್ಕದು, ನನಗೆ ಇದೇ ಚೆನ್ನಾಗಿದೆ ಅನಿಸಿತು. ಆಚೆ ಪಾಕಿಸ್ತಾನದ ಗಂಡಾ ಸಿಂಗ್ ವಾಲಾದಲ್ಲಿ ಕೂತವರ ಮುಖ ಕಾಣುವಷ್ಟು ಹತ್ತಿರ. 2025ರ ಏಪ್ರಿಲ್‌ನಲ್ಲಿ ಪೆರೇಡ್ ಹೊತ್ತಿಗೆ ಗೇಟ್ ತೆಗೆಯೋದು, ಎರಡೂ ಕಡೆಯ ಜವಾನರು ಕೈಕುಲುಕೋದು ನಿಲ್ಲಿಸಿದರು. ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೋಗುವ ದಿನ ಬೆಳಗ್ಗೆ ಫಿರೋಜ್‌ಪುರದಲ್ಲೇ ವಿಚಾರಿಸಿಕೊಳ್ಳಿ.

ಇನ್ನೊಂದು, ಗಡಿ ಹತ್ತಿರ ಮೊಬೈಲ್ ಪಾಕಿಸ್ತಾನದ ಟವರ್ ಹಿಡಿದರೆ ಗಡಿಯಾರ ಅರ್ಧ ಗಂಟೆ ಹಿಂದೆ ಹೋಗಬಹುದು. ರೋಮಿಂಗ್ ಆಫ್ ಮಾಡಿ, ಟೈಮನ್ನು ನೀವೇ ಸೆಟ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ರೈಲು ತಪ್ಪೀತು.