ನಡಾ ನೋವು ಎಷ್ಟಾದರೆ ದವಾಖಾನೆಗೆ ಓಡಬೇಕು?

"ಅಕ್ಕಾರ, ನಡಾ ನೋವು ಎಷ್ಟ ಆದ್ರ ದವಾಖಾನಿಗೆ ಹೋಗಬೇಕ್ರಿ?"

ಬನಹಟ್ಟಿಯಲ್ಲಿ ಫಿಸಿಯೋಥೆರಪಿ ಮಾಡುತ್ತ ನನಗೆ 14 ವರ್ಷವಾಯಿತು. ಈ ಪ್ರಶ್ನೆ ಕಿವಿಗೆ ಬೀಳದ ವಾರವಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವವರು ಕೇಳುತ್ತಾರೆ, ಕಬ್ಬು ಕಡಿಯುವ ಗ್ಯಾಂಗಿನವರು ಕೇಳುತ್ತಾರೆ, ಬಸ್ಸಿನ ಡ್ರೈವರ್‌ಗಳು ಕೇಳುತ್ತಾರೆ. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರೂ ಕೇಳುತ್ತಾರೆ.

ಎಷ್ಟು ನೋವು ಅನ್ನುವುದರ ಮೇಲೆ ನಿರ್ಧಾರ ಮಾಡಬೇಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ಕೇಳಿದವರಿಗೆ ಇದು ವಿಚಿತ್ರ ಅನಿಸುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗದೆ ಅಳುವವನನ್ನು ಎರಡು ದಿನ ಕಾಯಿರಿ ಅನ್ನುತ್ತೇನೆ, ನಡೆದುಕೊಂಡೇ ಬಂದ ಹೆಣ್ಣುಮಗಳನ್ನು ಈಗಿಂದೀಗ ಗಾಡಿ ಮಾಡಿಕೊಂಡು ಹೋಗಿರಿ ಅಂತ ಎಬ್ಬಿಸುತ್ತೇನೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಕಡೆ "ಗಾದಿ ಸರದೈತಿ" ಅನ್ನುತ್ತೇವಲ್ಲ, ಅದು ಎರಡು ಎಲುಬಿನ ಮಣಿಗಳ ನಡುವಿನ ಡಿಸ್ಕ್. ಅದರ ಹೊರಗಿನ ಪದರ ಹರಿದು ಒಳಗಿನ ಮೆತ್ತನೆಯ ಭಾಗ ಹೊರಬಂದು ನರದ ಬೇರನ್ನು ಒತ್ತಿದರೆ ಕಾಲಿನುದ್ದಕ್ಕೂ ಕರೆಂಟ್ ಹೊಡೆದಂತೆ ಚಳಕು ಇಳಿಯುತ್ತದೆ. ಅದೇ ಸಯಾಟಿಕಾ. ಅದು ಒಂದೇ ಕಾಲಿಗೆ ಇದ್ದು, ಕಾಲಿನ ಶಕ್ತಿ ಸರಿಯಿದ್ದರೆ, ನೋವು ಎಷ್ಟೇ ಜೋರಾಗಿದ್ದರೂ ಬಹಳಷ್ಟು ಜನರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ನೋವಿಗೆ ಔಷಧಿ ಬೇಕು, ಡಾಕ್ಟರಿಗೆ ತೋರಿಸಬೇಕು. ಆದರೆ ಅದಕ್ಕೆ ರಾತ್ರಿ ಎರಡು ಗಂಟೆಗೆ ಓಡಬೇಕಾಗಿಲ್ಲ.

ಓಡಬೇಕಾದದ್ದು ಬೇರೆಯದಕ್ಕೆ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿದುಬಿಡುತ್ತದೆ. ಅಲ್ಲಿಂದ ಕೆಳಕ್ಕೆ ನರಗಳು ಎಳೆ ಎಳೆಯಾಗಿ ಜೋತುಬಿದ್ದಿರುತ್ತವೆ, ಮಗ್ಗದಿಂದ ಇಳಿಬಿಟ್ಟ ನೂಲಿನ ಹಾಗೆ. ವೈದ್ಯರು ಅದನ್ನು ಕುದುರೆಯ ಬಾಲಕ್ಕೆ ಹೋಲಿಸಿ ಲ್ಯಾಟಿನ್‌ನಲ್ಲಿ ಕಾಡಾ ಇಕ್ವಿನಾ ಅಂತ ಹೆಸರಿಟ್ಟರು. ಈ ಎಳೆಗಳಲ್ಲಿ ಕೆಲವು ಕಾಲಿಗೆ ಹೋಗುತ್ತವೆ. ನಡುವಿನ ಸಣ್ಣ ಎಳೆಗಳು ಮೂತ್ರಚೀಲಕ್ಕೆ, ಗುದದ್ವಾರಕ್ಕೆ, ಜನನಾಂಗಕ್ಕೆ, ಸೈಕಲ್ ಸೀಟಿಗೆ ತಗಲುವ ಚರ್ಮಕ್ಕೆ ಹೋಗುತ್ತವೆ. ದೊಡ್ಡ ಡಿಸ್ಕ್ ಒಂದು ಹಿಂದಕ್ಕೆ ನುಗ್ಗಿ ಇಡೀ ಗೊಂಚಲನ್ನು ಒತ್ತಿದರೆ ಈ ಸಣ್ಣ ಎಳೆಗಳು ಸಾಯತೊಡಗುತ್ತವೆ. ಒತ್ತಡ ತೆಗೆಯಲು ಇರುವ ಸಮಯ ತಾಸುಗಳ ಲೆಕ್ಕದ್ದು. ಮೂತ್ರ ಪೂರ್ತಿ ನಿಲ್ಲುವ ಮೊದಲೇ ಆಪರೇಷನ್ ಆದವರು ಸುಧಾರಿಸುವಷ್ಟು, ನಿಂತ ಮೇಲೆ ಹೋದವರು ಸುಧಾರಿಸುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಜನವರಿ. ಸೀರೆ ನೇಯುವ ಹೆಣ್ಣುಮಗಳು, ವಯಸ್ಸು ನಲವತ್ತರ ಆಚೆ. ಜೋಳದ ಚೀಲ ಸರಿಸುವಾಗ ನಡಾ ಹಿಡಿಯಿತಂತೆ. ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಆಕೆಯ ಗಂಡ ನನಗೆ ಫೋನ್ ಮಾಡಿ "ಎರಡೂ ಕಾಲು ಸೆಳಿತಾವಂತ್ರಿ" ಅಂದ. ನಾನು "ನೋವು ಎಷ್ಟೈತಿ?" ಅಂತ ಕೇಳಿದೆ. "ಇಂಜೆಕ್ಷನ್ ಮ್ಯಾಲ ಕಮ್ಮಿ ಆಗೇತ್ರಿ" ಅಂದ. ನಾಳೆ ಕರೆದುಕೊಂಡು ಬನ್ನಿ ಅಂದುಬಿಟ್ಟೆ. ಎರಡೂ ಕಾಲು ಅಂದಾಗಲೇ ನಾನು ಮುಂದಿನದನ್ನು ಕೇಳಬೇಕಿತ್ತು. ಕೇಳಲಿಲ್ಲ.

ಮರುದಿನ ಬಂದಳು. ನಮ್ಮಲ್ಲಿರುವುದು ಕಟ್ಟಿಗೆಯ ಸ್ಟೂಲು. ಕೂತಳು, ಎದ್ದಳು, ಸ್ಟೂಲನ್ನು ಕೈಯಿಂದ ಸವರಿ ನೋಡಿದಳು, ಮತ್ತೆ ಕೂತಳು. ಏನವ್ವಾ ಅಂದೆ. "ಇದರ ಮ್ಯಾಲ ಅರಿವಿ ಹಾಸಿದ್ರೇನ್ರಿ ಅಂತ ನೋಡಿದೆ. ಮೆತ್ತಗ ಅನಸ್ತೈತಿ" ಅಂದಳು. ಬರೀ ಕಟ್ಟಿಗೆ ಅದು. ನನ್ನ ಕೈ ತಣ್ಣಗಾಯಿತು. ಗಂಡನನ್ನು ಹೊರಗೆ ಕಳಿಸಿ ಕೇಳಿದೆ: ಒಂದಕ್ಕೆ ಯಾವಾಗ ಹೋಗಿದ್ದಿ? ತಲೆ ತಗ್ಗಿಸಿದಳು. "ನಿನ್ನಿ ಮುಂಜಾನಿಂದ ಸರಿಯಾಗಿ ಆಗಿಲ್ರಿ. ಉಷ್ಣ ಆಗಿರಬೇಕಂತ ಜೀರಗಿ ನೀರ ಕುಡದೆ." ಬಂದಿದೆ ಅಂತ ಅನಿಸುತ್ತದೆಯೇ ಅಂದರೆ ಅದೂ ಇಲ್ಲ. ಸೀರೆ ಮಾತ್ರ ಹನಿ ಹನಿ ಒದ್ದೆಯಾಗಿತ್ತು. ಗಂಡನಿಗೆ ಹೇಳಿರಲಿಲ್ಲ, ಅತ್ತೆಗೆ ಹೇಳಿರಲಿಲ್ಲ. ಕ್ಲಿನಿಕ್ಕಿನಲ್ಲಿ ಯಾರೂ ಕೇಳಿರಲಿಲ್ಲ, ಫೋನಿನಲ್ಲಿ ನಾನೂ ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿದಾಗ ಲೀಟರಿಗೆ ಸ್ವಲ್ಪ ಕಡಿಮೆ ಮೂತ್ರ ಬಂತಂತೆ. 300–400 ಮಿಲೀ ಆಗುವ ಹೊತ್ತಿಗೆ ಯಾರಿಗಾದರೂ ಎದ್ದು ಹೋಗಲೇಬೇಕು ಅನಿಸುತ್ತದೆ. ಇವಳಿಗೆ ಅಷ್ಟು ತುಂಬಿದ್ದರೂ ಹೊಟ್ಟೆ ಸುಮ್ಮನಿತ್ತು. ಅವತ್ತೇ ರಾತ್ರಿ ಎಂಆರ್‌ಐ ಆಗಿ ಆಪರೇಷನ್ ಆಯಿತು. ಕಾಲು ಚೆನ್ನಾಗಿ ಬಂದಿವೆ, ಮಗ್ಗಕ್ಕೂ ಕೂರುತ್ತಾಳೆ. ಆದರೆ ಇವತ್ತಿಗೂ ಒಂದಕ್ಕೆ ಗಡಿಯಾರ ನೋಡಿಕೊಂಡೇ ಹೋಗುತ್ತಾಳೆ.

ಅಂದಿನಿಂದ ಗಂಡಸಿರಲಿ ಹೆಂಗಸಿರಲಿ, ಸೊಂಟ ಹಿಡಿದುಕೊಂಡು ಬಂದವರಿಗೆಲ್ಲ ನಾನು ಬಾಯಿ ಬಿಟ್ಟು ಕೇಳುತ್ತೇನೆ. ಒಂದಕ್ಕೆ ಕೂತಾಗ ಸಲೀಸಾಗಿ ಬರುತ್ತದೆಯೇ, ಮುಕ್ಕಬೇಕಾಗುತ್ತದೆಯೇ? ಹರಿಯುವುದು ಗೊತ್ತಾಗುತ್ತದೆಯೇ? ಹೊರಕಡೆಗೆ ಹೋಗಿ ತೊಳೆದುಕೊಳ್ಳುವಾಗ ನೀರು ತಣ್ಣಗೆ ತಗಲುವುದು ಎರಡೂ ಕಡೆ ಒಂದೇ ಥರ ತಿಳಿಯುತ್ತದೆಯೇ? ಅರಿವಿಲ್ಲದೆ ಮಲ ಜಾರಿದೆಯೇ? ತೊಡೆಸಂದು, ಕುಂಡಿ, ಜನನಾಂಗದ ಹತ್ತಿರ ಜೋಮು ಹಿಡಿದಿದೆಯೇ? ಗಂಡ-ಹೆಂಡತಿ ಕೂಡುವಾಗ ಸ್ಪರ್ಶ ಗೊತ್ತಾಗದಂತಾಗಿದೆಯೇ? ಮೊದಲು ಮುಖ ಕೆಂಪಾಗುತ್ತದೆ, ಆಮೇಲೆ ಹೇಳುತ್ತಾರೆ. ಮನೆಯಲ್ಲಿ ನೀವೂ ಕೇಳಿರಿ. ಮಾವನಿಗೆ ಸೊಸೆ ಕೇಳುವುದು ಕಷ್ಟ, ಮಗನ ಕಡೆಯಿಂದ ಕೇಳಿಸಿರಿ. ಸೊಂಟದ ನೋವಿನ ಜೊತೆಗೆ ಇವುಗಳಲ್ಲಿ ಒಂದು ಹೊಸದಾಗಿ ಶುರುವಾಗಿದ್ದರೂ, ನೋವು ಕಮ್ಮಿಯಿರಲಿ ಜಾಸ್ತಿಯಿರಲಿ, ಬೆಳಗಿನವರೆಗೆ ಕಾಯಬೇಡಿ. ಚಳಕು ಒಂದು ಕಾಲಿನಿಂದ ಎರಡೂ ಕಾಲಿಗೆ ಹಬ್ಬಿದರೂ ಅಷ್ಟೇ.

ಕಾಲಿನ ಶಕ್ತಿಯ ಮಾತು ಬೇರೆಯಾಗಿ ಹೇಳಬೇಕು. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಪಾದ ಎತ್ತಲು ಬಾರದಿದ್ದರೆ, ನಡೆಯುವಾಗ ಚಪ್ಪಲಿ ಜಾರಿದ್ದೇ ತಿಳಿಯದಿದ್ದರೆ, ನಿನ್ನೆಗಿಂತ ಇವತ್ತು ಕಾಲು ಸೋತಿದ್ದರೆ ಅವತ್ತೇ ತೋರಿಸಬೇಕು. ಜನ ಮೋಸ ಹೋಗುವುದು ಒಂದು ಕಡೆ: ವಾರದಿಂದ ಕಾಡಿದ ಚಳಕು ಒಮ್ಮೆಲೇ ನಿಂತು ಕಾಲು ಮಾತ್ರ ಸೋತಿರುತ್ತದೆ. "ಆರಾಮ ಆತು" ಅನ್ನುತ್ತಾರೆ. ಅದು ಆರಾಮವಲ್ಲ, ನರ ಸುದ್ದಿ ಕಳಿಸುವುದನ್ನೇ ನಿಲ್ಲಿಸಿರಬಹುದು.

ನಮ್ಮೂರುಗಳಲ್ಲಿ ಇನ್ನೂ ನಡೆಯುವ ಪದ್ಧತಿಯ ಬಗ್ಗೆಯೂ ಕೇಳುತ್ತಾರೆ. ನಡಾ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರ ಕಡೆಯಿಂದ ಒದೆಸಿಕೊಳ್ಳುವುದು. ಒದ್ದ ಮೇಲೆ ಕಮ್ಮಿ ಆಯಿತು ಅನ್ನುವವರು ಸುಳ್ಳು ಹೇಳುವುದಿಲ್ಲ. ಸ್ನಾಯು ಹಿಡಿದ ನೋವು ಎರಡು ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಒದ್ದವರಿಗೆ ಹೋಗುತ್ತದೆ. ಆದರೆ ಒಳಗೆ ಡಿಸ್ಕ್ ಹೊರಬಂದಿದೆಯೋ, ವಯಸ್ಸಾದವರ ಎಲುಬು ಸವೆದು ಕುಸಿದಿದೆಯೋ ಒದೆಯುವವರಿಗೆ ಕಾಣುವುದಿಲ್ಲ. ಕಾಲಿಗೆ ಚಳಕು ಇಳಿದವರು, ಎಪ್ಪತ್ತರ ಅಜ್ಜಿಯರು ದಯವಿಟ್ಟು ಬೆನ್ನು ಕೊಡಬೇಡಿ.

ನರದ್ದಲ್ಲದ ಅಪಾಯಗಳೂ ಇವೆ. ಜ್ವರ ಮತ್ತು ಬೆನ್ನು ನೋವು ಒಟ್ಟಿಗಿದ್ದರೆ, ಮಲಗಿದರೂ ರಾತ್ರಿ ನೋವು ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ ಬೆನ್ನೆಲುಬಿನ ಸೋಂಕು ಇರಬಹುದು. ಟಿಬಿ ಎದೆಗಷ್ಟೇ ಬರುವುದಿಲ್ಲ, ಬೆನ್ನುಮೂಳೆಗೂ ಬರುತ್ತದೆ. ಕುರಿ ಮೇಯಿಸುವವರಿಗೆ, ಹಸಿ ಹಾಲು ಕುಡಿಯುವವರಿಗೆ ಬ್ರೂಸೆಲ್ಲಾ ಅನ್ನುವ ರೋಗಾಣು ಬೆನ್ನಿಗೆ ಕೂರಬಹುದು, ಕುರಿ ಇದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನು ನೋವು ಬಂದರೆ ಬೇಗ ತೋರಿಸಬೇಕು. ಬೆನ್ನಿನ ಜೊತೆ ಎದೆ ಹಿಡಿದು ಬೆವರು ಬಂದರೆ, ವಯಸ್ಸಾದವರಿಗೆ ಹೊಟ್ಟೆ-ಬೆನ್ನು ಒಮ್ಮೆಲೇ ನೊಂದು ಕಣ್ಣು ಕತ್ತಲೆ ಬಂದರೆ ಅದು ಹೃದಯದ್ದೋ ದೊಡ್ಡ ರಕ್ತನಾಳದ್ದೋ ಆಗಿರಬಹುದು, ತಕ್ಷಣ ಹೊರಡಬೇಕು. ಟ್ರ್ಯಾಕ್ಟರಿನಿಂದ, ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಮಲಗಿದಲ್ಲೇ ಅಲುಗದಂತೆ ಬಿಟ್ಟು 108ಕ್ಕೆ ಕರೆ ಮಾಡಿ.

ಹೋಗುವುದು ಎಲ್ಲಿಗೆ? ಮೂತ್ರದ ಲಕ್ಷಣ ಇದ್ದರೆ ಬರೀ ಎಕ್ಸ್‌ರೇ ಇರುವಲ್ಲಿ ಸಮಯ ಕಳೆಯಬೇಡಿ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಡಿಸ್ಕ್ ಮತ್ತು ನರ ಕಾಣುವುದಿಲ್ಲ. ಎಂಆರ್‌ಐ ಬೇಕು, ಬೆನ್ನಿನ ಆಪರೇಷನ್ ಮಾಡುವವರು ಅಲ್ಲೇ ಇರಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹೊರಡುವ ಮೊದಲು ಫೋನ್ ಮಾಡಿ ಇಷ್ಟು ಹೊತ್ತಿನಲ್ಲಿ ಎಂಆರ್‌ಐ ಆಗುತ್ತದೆಯೇ ಅಂತ ಕೇಳಿಕೊಳ್ಳಿ. ಕಬ್ಬಿನ ಸೀಜನ್ನಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕರೆ ಎರಡು ತಾಸಿನ ದಾರಿ ಮೂರು ತಾಸಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಪಿಎಲ್ ಕಾರ್ಡು, ಆಧಾರ್, ಹಳೆಯ ಚೀಟಿಗಳು ಜೊತೆಗಿರಲಿ. ದಾರಿಯಲ್ಲಿ ಊಟ, ಚಹಾ ಬೇಡ, ಆಪರೇಷನ್ ಆಗಬಹುದು.

ಅಲ್ಲಿ ಬಾಗಿಲಲ್ಲೇ "ನಡಾ ನೋವ್ರಿ" ಅನ್ನಬೇಡಿ. ಹಾಗಂದವರ ಸಾಲು ಉದ್ದ ಇರುತ್ತದೆ. "ಒಂದಕ್ಕ ಹೋಗಾಕ ಆಗವಲ್ದು, ಕೂಡು ಜಾಗ ಜೋಮು ಹಿಡದೈತಿ, ನಿನ್ನಿ ಮುಂಜಾನಿಂದ" ಅಂತ ಮೊದಲ ಮಾತಿನಲ್ಲೇ ಹೇಳಿ. ಯಾವಾಗಿನಿಂದ ಅನ್ನುವುದು ಬಹಳ ಮುಖ್ಯ.

ಕೊನೆಗೆ ಎಲ್ಲರೂ ಕೇಳುವುದು: ಅಷ್ಟು ದೂರ ಹೋಗಿ ಏನೂ ಇಲ್ಲ ಅಂದರೆ? ಹಾಗೆ ಆಗುವುದೇ ಹೆಚ್ಚು. ಈ ಅನುಮಾನದ ಮೇಲೆ ಸ್ಕ್ಯಾನ್ ಆದವರಲ್ಲಿ ಬಹಳ ಜನರಿಗೆ ಗೊಂಚಲು ಒತ್ತಿರುವುದಿಲ್ಲ. ಹೋದ ವರ್ಷ ಒಬ್ಬ ಡ್ರೈವರನನ್ನು ರಾತ್ರಿ ಹತ್ತಕ್ಕೆ ವಿಜಯಪುರಕ್ಕೆ ಕಳಿಸಿದೆ. ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬಿತ್ತು, ನರಗಳಿಗೆ ಜಾಗವಿತ್ತು. ಮೂತ್ರ ತಡೆದದ್ದು ಆತ ನುಂಗುತ್ತಿದ್ದ ನೋವಿನ ಮಾತ್ರೆಯಿಂದ ಅಂತ ತಿಳಿಯಿತು. ಬೆಳಗಿನ ಬಸ್ಸಿಗೆ ವಾಪಸ್ ಬಂದು, "ರೊಕ್ಕ ಹೋತ್ರಿ ಅಕ್ಕಾರ, ನಿದ್ದೀನೂ ಹೋತು" ಅಂದ. ಮುಂದೆ ಮತ್ತೆ ಹಾಗೇ ಆದರೆ ಮತ್ತೆ ಹೋಗಪ್ಪಾ ಅಂದೆ.

"ಹೋಗ್ತೇನ್ರಿ" ಅಂದ.